ಕೂರಿಗೆಯವನ ಹೆಸರಿನ ಬ್ಯಾಂಡ್: ಜೆಥ್ರೊ ಟಲ್ ಕೇಳಲು ಎಲ್ಲಿಂದ ಶುರು ಮಾಡಬೇಕು?

ಕಳೆದ ತಿಂಗಳು ಅಕ್ಕನ ಮಗ ಫೋನ್ ಮಾಡಿದ್ದ. "ಮಾಮಾ, ಒಂಟಿಗಾಲ ಮ್ಯಾಲೆ ನಿಂತು ಕೊಳಲು ಊದತಾನಲ್ಲ, ಅವನ ಹಾಡೊಂದು ಸಿಕ್ತು. ಮಸ್ತ್ ಐತಿ. ಮುಂದ ಕೇಳೋಣು ಅಂದ್ರ ಇಪ್ಪತ್ನಾಕು ಆಲ್ಬಮ್ ಅದಾವು. ಎಲ್ಲಿಂದ ಶುರು ಮಾಡ್ಲಿ?"

"ಯಾವುದರಿಂದರ ಮಾಡು, ಎ ಪ್ಯಾಶನ್ ಪ್ಲೇ ಒಂದು ಬಿಟ್ಟು" ಅಂದೆ.

ಅದು ಹೊಟ್ಟೆಯೊಳಗಿನ ಹಳೇ ಸಿಟ್ಟು ಆಡಿಸಿದ ಮಾತು. ತೊಂಬತ್ತರ ದಶಕದ ಮೊದಲಿಗೆ ನಾನು ಹಾಸ್ಟೆಲಿನಲ್ಲಿದ್ದಾಗ ಸೀನಿಯರ್ ಒಬ್ಬರು "ಇದನ್ನು ಕೇಳು, ಉಳಿದ ಸಂಗೀತವೆಲ್ಲ ಸಪ್ಪೆ ಅನ್ನಿಸುತ್ತೆ" ಎಂದು ಒಂದು ಕ್ಯಾಸೆಟ್ ಕೈಗಿಟ್ಟಿದ್ದರು. ಮೇಲೆ ಹಾಡುಗಳ ಪಟ್ಟಿ ಇರಲಿಲ್ಲ, ಬಾಲ್‌ಪೆನ್ನಿನಲ್ಲಿ ಗೀಚಿದ ಎರಡು ಇಂಗ್ಲಿಷ್ ಅಕ್ಷರ ಮಾತ್ರ. ಭಾನುವಾರ ಮಧ್ಯಾಹ್ನ ಊಟ ಮಾಡಿ ಬಂದು ಹಾಕಿದೆ. ಎಲ್ಲಿ ಒಂದು ಹಾಡು ಮುಗಿದು ಇನ್ನೊಂದು ಶುರುವಾಯಿತೋ ಗೊತ್ತಾಗಲಿಲ್ಲ. ಸ್ಯಾಕ್ಸೊಫೋನು ಅರಚಿತು, ತಾಳ ಮೂರು ಸಲ ದಾರಿ ತಪ್ಪಿತು, ನಡುವೆ ಯಾರೋ ನಾಟಕದ ದನಿಯಲ್ಲಿ ಕನ್ನಡಕ ಕಳೆದುಕೊಂಡ ಮೊಲದ ಕಥೆ ಹೇಳತೊಡಗಿದರು. ಟೇಪ್‌ರೆಕಾರ್ಡರ್ ನಿಲ್ಲಿಸಿ ಮಲಗಿದವನು ಮುಂದೆ ಮೂರು ವರ್ಷ ಈ ಬ್ಯಾಂಡಿನ ತಂಟೆಗೆ ಹೋಗಲಿಲ್ಲ. ಹಂಚಿಕೊಳ್ಳುವ ಉತ್ಸಾಹದಲ್ಲಿ ಹಳೇ ಅಭಿಮಾನಿಗಳು ಮಾಡುವ ತಪ್ಪೇ ಇದು. ತಮಗೆ ಕೊನೆಗೆ ಒಲಿದದ್ದನ್ನು ಹೊಸಬರಿಗೆ ಮೊದಲು ಬಡಿಸುತ್ತಾರೆ.

ಹಾಗಾಗಿ ಹುಡುಗನಿಗೆ ಸರಿಯಾಗಿ ಬರೆದು ಕಳಿಸೋಣ ಎಂದು ಕುಳಿತೆ.

ಮೊದಲು ಹೆಸರಿನ ವಿಚಾರ

ಜೆಥ್ರೊ ಟಲ್ ಎನ್ನುವುದು ಹಾಡುಗಾರನ ಹೆಸರಲ್ಲ. ಹಾಡುವವನು, ಕೊಳಲು ಊದುವವನು, ಬಹುಪಾಲು ಎಲ್ಲವನ್ನೂ ಬರೆದವನು ಇಯನ್ ಆ್ಯಂಡರ್ಸನ್. 1947ರಲ್ಲಿ ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್‌ನಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಇಂಗ್ಲೆಂಡಿನ ಕಡಲತೀರದ ಊರು ಬ್ಲ್ಯಾಕ್‌ಪೂಲಿಗೆ ಬಂದವನು. ನಿಜವಾದ ಜೆಥ್ರೊ ಟಲ್ (1674–1741) ಬರ್ಕ್‌ಷೈರಿನ ಒಬ್ಬ ಜಮೀನುದಾರ. 1701ರಲ್ಲಿ ಕುದುರೆ ಎಳೆಯುವ ಬಿತ್ತನೆಯ ಸಲಕರಣೆ ಮಾಡಿದ. ನಮ್ಮ ಮಾತಿನಲ್ಲಿ ಹೇಳುವುದಾದರೆ ಕೂರಿಗೆ. ಕಾಳು ಒಂದೇ ಹದದಲ್ಲಿ ಬೀಳಿಸುವ ಉಪಾಯ ಅವನಿಗೆ ಹೊಳೆದದ್ದು ಆರ್ಗನ್ ವಾದ್ಯದ ಒಳಗಿನ ಕಟ್ಟೋಣದಿಂದ. ಸಾಲಿನ ನಡುವೆ ಎಡೆ ಹೊಡೆಯಬೇಕು ಎಂದು ವಾದಿಸುವ ಪುಸ್ತಕವನ್ನೂ 1731ರಲ್ಲಿ ಬರೆದ.

ಈ ಕಥೆಯನ್ನು ಒಮ್ಮೆ ಊರಿನಲ್ಲಿ ನಮ್ಮಪ್ಪನಿಗೆ ಹೇಳಿದೆ. ಅಟ್ಟದ ಮೇಲಿದ್ದ ಮೂರು ತಾಳಿನ ಕೂರಿಗೆಯ ಕಡೆ ಗದ್ದ ತೋರಿಸಿ, "ಅವ ಕಂಡುಹಿಡದಾನ? ಹಂಗಾರ ನಮ್ಮ ಮುತ್ತಜ್ಜ ಏನು ಚೆಲ್ಲಿ ಬಿತ್ತಿದ್ನಾ?" ಎಂದ. ಅಪ್ಪನ ಮಾತಿಗೆ ದಾಖಲೆಯ ಬಲವೂ ಇದೆ. ಗುಂಟೂರು ಸೀಮೆಯಲ್ಲಿದ್ದ ಕ್ಯಾಪ್ಟನ್ ಹಾಲ್ಕಾಟ್ ಎಂಬ ಆಂಗ್ಲ ಅಧಿಕಾರಿ 1790ರ ದಶಕದಲ್ಲಿ ಅಲ್ಲಿನ ರೈತರ ಕೂರಿಗೆ ನೋಡಿ ಬೆರಗಾಗಿ ಲಂಡನ್ನಿಗೆ ಬರೆದಿದ್ದ. ಇತಿಹಾಸಕಾರ ಧರ್ಮಪಾಲರು ಆ ಬರಹವನ್ನು ತಮ್ಮ ಪುಸ್ತಕದಲ್ಲಿ ಸೇರಿಸಿದ್ದಾರೆ.

ಬ್ಯಾಂಡಿಗೆ ಆ ಹೆಸರು ಬಂದದ್ದು ಅಪಘಾತವೇ ಸರಿ. 1967ರ ಕೊನೆಗೆ ಲೂಟನ್ನಿನಲ್ಲಿ ಒಟ್ಟಾದ ಈ ಹುಡುಗರಿಗೆ ಒಂದೇ ಕ್ಲಬ್ಬಿನಲ್ಲಿ ಎರಡನೇ ಸಲ ಅವಕಾಶ ಸಿಗುವುದು ಕಷ್ಟವಿತ್ತು. ಅದಕ್ಕೇ ವಾರಕ್ಕೊಂದು ಹೆಸರು. ಏಜೆಂಟರ ಕಚೇರಿಯಲ್ಲಿ ಇತಿಹಾಸದ ಹುಚ್ಚಿದ್ದ ಒಬ್ಬರು ಒಂದು ವಾರ ಜೆಥ್ರೊ ಟಲ್ ಎಂದು ಬರೆದರು. ಲಂಡನ್ನಿನ ಮಾರ್ಕೀ ಕ್ಲಬ್ಬಿನವರು ಮತ್ತೆ ಬನ್ನಿ ಎಂದದ್ದು ಆ ವಾರ! ಹೆಸರು ಅಲ್ಲಿಗೇ ಅಂಟಿಕೊಂಡಿತು. ಅದು ನಿಜವಾದ ಮನುಷ್ಯನೊಬ್ಬನ ಹೆಸರು ಎಂದು ಆ್ಯಂಡರ್ಸನ್‌ಗೆ ಆಗ ಗೊತ್ತಿರಲಿಲ್ಲ. 1968ರ ಮೊದಲ ರೆಕಾರ್ಡಿನ ಮೇಲಂತೂ "ಜೆಥ್ರೊ ಟೋ" ಎಂದು ತಪ್ಪಾಗಿ ಅಚ್ಚಾಗಿತ್ತು.

ಈ ಸಂಗೀತಕ್ಕೆ ಇರುವ ಹೆಸರು ಪ್ರೊಗ್ರೆಸಿವ್ ರಾಕ್. ಕನ್ನಡಕ್ಕೆ ತರಲು ಹೋದರೆ ಎಡವಟ್ಟಾಗುತ್ತದೆ. ಪ್ರಗತಿಶೀಲ ಎಂದರೆ ಅ.ನ.ಕೃ. ನೆನಪಾಗುತ್ತಾರೆ, ಪ್ರಗತಿಪರ ಎಂದರೆ ಟೌನ್‌ಹಾಲ್ ಮುಂದಿನ ಪ್ರತಿಭಟನೆ. ಸುಮ್ಮನೆ ಪ್ರೊಗ್ ಎನ್ನೋಣ. ಅರವತ್ತರ ದಶಕದ ಕೊನೆಗೆ ಇಂಗ್ಲೆಂಡಿನ ಕೆಲವು ಬ್ಯಾಂಡುಗಳಿಗೆ ಮೂರು ನಿಮಿಷದ ಹಾಡು ಸಾಲದಾಯಿತು. ಕಿಂಗ್ ಕ್ರಿಮ್ಸನ್, ಯೆಸ್, ಜೆನಿಸಿಸ್, ಪಿಂಕ್ ಫ್ಲಾಯ್ಡ್ ಎಲ್ಲರೂ ಆ ಕಾಲದವರೇ. ಈ ಗುಂಪಿನಲ್ಲಿ ಜೆಥ್ರೊ ಟಲ್ಲಿನ ಗುರುತು ಎಂದರೆ ಮಣ್ಣಿನ ವಾಸನೆ, ಕುಹಕ, ಮತ್ತು ಆ ಕೊಳಲು.

ಕೊಳಲಿನ ಬಗ್ಗೆ ಮೊದಲೇ ಒಂದು ಮಾತು ಹೇಳಬೇಕು, ಇಲ್ಲವಾದರೆ ನಮ್ಮ ವೇಣುವಾದನ ಕೇಳಿ ಬೆಳೆದ ಕಿವಿ ಮೊದಲ ನಿಮಿಷದಲ್ಲೇ ಮುನಿಸಿಕೊಳ್ಳುತ್ತದೆ. ಆ್ಯಂಡರ್ಸನ್ ಮೊದಲು ಗಿಟಾರ್ ನುಡಿಸುತ್ತಿದ್ದ. ಎರಿಕ್ ಕ್ಲ್ಯಾಪ್ಟನ್ ಮಟ್ಟಕ್ಕೆ ತಾನು ಏರುವುದಿಲ್ಲ ಎಂದು ಅರಿವಾದ ದಿನ ಗಿಟಾರ್ ಕೊಟ್ಟು ಬದಲಿಗೆ ಒಂದು ಮೈಕು, ಒಂದು ಲೋಹದ ಕೊಳಲು ತಂದ. ಗುರುವಿಲ್ಲದ ವಿದ್ಯೆ. ಕೆಲವೇ ತಿಂಗಳ ಅಭ್ಯಾಸದಲ್ಲಿ ಮೊದಲ ಆಲ್ಬಮ್ಮೇ ಹೊರಬಂತು. ಅಮೆರಿಕದ ಜಾಜ್ ವಾದಕ ರೋಲ್ಯಾಂಡ್ ಕರ್ಕ್ ಮಾಡುತ್ತಿದ್ದಂತೆ ಊದುತ್ತಲೇ ಗಂಟಲಿನಿಂದ ಗುನುಗುವುದು, ಉಸಿರಿನ ಸದ್ದು, ತುಟಿಯ ಸದ್ದು, ಗೊಣಗಾಟ ಎಲ್ಲವನ್ನೂ ಸ್ವರದ ಜೊತೆಗೇ ಬಿಡುವುದು ಅವನ ಕ್ರಮ. ತನ್ನ ಬೆರಳಿಡುವ ರೀತಿಯೇ ತಪ್ಪು ಎಂದು ಅವನಿಗೆ ಗೊತ್ತಾದದ್ದು ತೊಂಬತ್ತರ ದಶಕದಲ್ಲಿ, ಮಗಳು ಶಾಲೆಯಲ್ಲಿ ಕೊಳಲು ಕಲಿಯತೊಡಗಿದಾಗ. ಆ ವಯಸ್ಸಿನಲ್ಲಿ ಕುಳಿತು ಮತ್ತೆ ಕಲಿತ. ಅಷ್ಟರಲ್ಲಿ ಆ ತಪ್ಪು ಬೆರಳುಗಳಿಂದಲೇ ಲೋಕ ಗೆದ್ದಾಗಿತ್ತು. ಇನ್ನು ಆ ಒಂಟಿಗಾಲಿನ ಭಂಗಿ: ಸೋಮನಾಥಪುರದ ವೇಣುಗೋಪಾಲನನ್ನು ನೋಡಿದ ನಮಗೆ ಅದರಲ್ಲಿ ಅಷ್ಟೇನೂ ಹೊಸತು ಕಾಣುವುದಿಲ್ಲ.

ಆಲ್ಬಮ್ ಅಲ್ಲ, ಸೈಡು

ಹೊಸಬರು ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. ಒಂದು, 1968ರ ಮೊದಲ ಆಲ್ಬಮ್ಮಿನಿಂದ ವರ್ಷದ ಪ್ರಕಾರ ಬರುವುದು. ಇನ್ನೊಂದು, "ಬೆಸ್ಟ್ ಆಫ್" ಸಂಕಲನ ಹಾಕುವುದು. ಎರಡನ್ನೂ ನಾನು ಬೇಡ ಎನ್ನುತ್ತೇನೆ.

ಮೊದಲ ಆಲ್ಬಮ್ ದಿಸ್ ವಾಸ್ ಹೆಚ್ಚುಕಡಿಮೆ ಬ್ಲೂಸ್. ಆಗಿನ ಗಿಟಾರ್ ವಾದಕ ಮಿಕ್ ಏಬ್ರಹಾಮ್ಸ್ ಬ್ಲೂಸ್ ಬಿಟ್ಟು ಅಲುಗಾಡಲೊಲ್ಲ, ಆ್ಯಂಡರ್ಸನ್‌ಗೆ ಅದು ಸಾಲದು. ಜಗಳವಾಗಿ ಏಬ್ರಹಾಮ್ಸ್ ಹೋದ, ಮಾರ್ಟಿನ್ ಬಾರ್ ಬಂದ. ಬಂದವನು ನಾಲ್ಕು ದಶಕ ದಾಟಿ ಉಳಿದ. ನೀವು ಹುಡುಕಿ ಬಂದ ಬ್ಯಾಂಡು ಶುರುವಾಗುವುದು ಅಲ್ಲಿಂದ. ಇನ್ನು ಸಂಕಲನಗಳಲ್ಲಿ 43 ನಿಮಿಷದ ಥಿಕ್ ಆ್ಯಸ್ ಎ ಬ್ರಿಕ್ ಅನ್ನು ಮೂರು ನಿಮಿಷಕ್ಕೆ ಕತ್ತರಿಸಿ ಇಟ್ಟಿರುತ್ತಾರೆ. ರಾಗಾಲಾಪನೆಯನ್ನು ಕತ್ತರಿಸಿ ರಿಂಗ್‌ಟೋನ್ ಮಾಡಿದ ಹಾಗೆ.

ನನ್ನ ಸಲಹೆ ಇಷ್ಟೇ: ಬ್ಯಾಂಡನ್ನೂ ಆಲ್ಬಮ್ಮನ್ನೂ ಮರೆತು ಎಲ್‌ಪಿ ರೆಕಾರ್ಡಿನ ಒಂದು ಸೈಡನ್ನು ಆರಿಸಿಕೊಳ್ಳಿ. ಇವರು ಬರೆದದ್ದು ಆ ಅಳತೆಗೆ. ಒಂದು ಮಗ್ಗುಲಿಗೆ ಇಪ್ಪತ್ತು–ಇಪ್ಪತ್ತೆರಡು ನಿಮಿಷ, ಆಮೇಲೆ ಎದ್ದು ಹೋಗಿ ತಿರುಗಿಸಿ ಹಾಕಬೇಕು. ಆ ಏಳುವ ಹೊತ್ತೂ ಲೆಕ್ಕದೊಳಗೇ ಇತ್ತು. ಮೊಬೈಲಿನಲ್ಲಿ ಕೇಳುವಾಗ ಈ ಗಡಿ ಕಾಣುವುದಿಲ್ಲವಾದ್ದರಿಂದ ಹಾಡಿನ ಪಟ್ಟಿ ನೋಡಿ ನೀವೇ ನಿಲ್ಲಿಸಬೇಕು. ಒಂದು ಸೈಡು, ಒಂದು ದಿನ. ಮೂರು ದಿನ ಅದೇ ಸೈಡು. ಮೂರನೇ ದಿನವೂ ಏನೂ ಆಗದಿದ್ದರೆ ಬೇರೆ ಸೈಡು ನೋಡಿ, ಅಥವಾ ಬೇರೆ ಬ್ಯಾಂಡು ನೋಡಿ. ಜೆಥ್ರೊ ಟಲ್ ಹಿಡಿಸಲಿಲ್ಲ ಎಂದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಸೈಡಿಗೂ ಮೊದಲು ರುಚಿಗೆ ಒಂದೇ ಹಾಡು ಬೇಕೆಂದರೆ 1969ರ ಲಿವಿಂಗ್ ಇನ್ ದ ಪಾಸ್ಟ್. ಐದೈದು ಎಣಿಕೆಯಲ್ಲಿ ಓಡುವ ಹಾಡು. ಖಂಡ ಚಾಪು ಕೇಳಿದವರ ಕೈ ತೊಡೆಯ ಮೇಲೆ ತಾನಾಗಿ ತಾಳ ಹಾಕುತ್ತದೆ. ನಾಲ್ಕರ ಎಣಿಕೆಗೇ ಒಗ್ಗಿದ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಅದು ಮೂರನೇ ಸ್ಥಾನಕ್ಕೆ ಏರಿತ್ತು.

ಬಾಗಿಲು: ಆಕ್ವಾಲಂಗ್, ಮೊದಲ ಸೈಡು

ಸಾವಿರ ಜನ ಹೇಳುವ ಉತ್ತರವನ್ನೇ ನಾನೂ ಹೇಳುತ್ತಿದ್ದೇನೆ: 1971ರ ಆಕ್ವಾಲಂಗ್. ಆದರೆ ಸಾವಿರ ಜನ ಅದನ್ನು ಶಿಫಾರಸು ಮಾಡುವುದು ಆರು ಸ್ವರದ ಆ ಗಿಟಾರ್ ಗುದ್ದಿಗಾಗಿ. ನಾನು ಹೇಳುವುದು ಅದರ ಆಚೆಗಿನ ಸಣ್ಣ ಹಾಡುಗಳಿಗಾಗಿ.

ಶೀರ್ಷಿಕೆಯ ಹಾಡು ಬೀದಿಯಲ್ಲಿ ಬದುಕುವ ಕೊಳಕು ಮುದುಕನೊಬ್ಬನ ಚಿತ್ರ. ಆ್ಯಂಡರ್ಸನ್‌ನ ಆಗಿನ ಹೆಂಡತಿ ಜೆನಿ ಲಂಡನ್ನಿನ ನಿರ್ಗತಿಕರ ಫೋಟೊ ತೆಗೆದಿದ್ದಳು, ಸಾಲುಗಳ ಒಂದು ಪಾಲೂ ಅವಳದೇ. ಮುದುಕನ ಎಳೆದಾಡುವ ಉಸಿರು ಮುಳುಗುಗಾರರ ಉಸಿರಾಟದ ಸಾಧನದಂತೆ ಕೇಳುತ್ತದೆ, ಹೆಸರು ಅದರದ್ದೇ. ಅವನ ಬಗ್ಗೆ ಹೇಸಿಗೆ ಹುಟ್ಟಿಸಿ, ಸ್ವಲ್ಪ ಹೊತ್ತಿಗೇ ಅಬ್ಬರದ ವಾದ್ಯಗಳನ್ನೆಲ್ಲ ಬದಿಗಿಟ್ಟು, ಅದೇ ಮುದುಕನನ್ನು ಚಳಿಯಲ್ಲಿ ಒಬ್ಬಂಟಿಯಾಗಿ ನಿಲ್ಲಿಸುತ್ತಾನೆ. ನಮ್ಮ ನೋಟ ಅಷ್ಟರಲ್ಲಿ ಬದಲಾಗಿಬಿಟ್ಟಿರುತ್ತದೆ. ಗಿಟಾರಿನ ಆ ಪ್ರಸಿದ್ಧ ಸೋಲೊ ನುಡಿಸುತ್ತಿದ್ದಾಗ ಗಾಜಿನಾಚೆ ಜಿಮ್ಮಿ ಪೇಜ್ ಬಂದು ಕೈಬೀಸಿದ, ಮರಳಿ ಕೈಬೀಸಿದ್ದರೆ ಸೋಲೊ ಕೆಡುತ್ತಿತ್ತು ಎಂದು ಮಾರ್ಟಿನ್ ಬಾರ್ ಹೇಳಿಕೊಂಡಿದ್ದಾನೆ. ಪೇಜ್ ಅಲ್ಲಿ ಯಾಕಿದ್ದ ಎಂದರೆ ಅವನ ಬ್ಯಾಂಡು ಲೆಡ್ ಜೆಪ್ಪೆಲಿನ್ ಕೂಡ ತನ್ನ ನಾಲ್ಕನೇ ಆಲ್ಬಮ್ಮನ್ನು ಅದೇ ಕಟ್ಟಡದ ಕೆಳಗಿನ ಸ್ಟುಡಿಯೊದಲ್ಲಿ ಮಾಡುತ್ತಿತ್ತು.

ಆ ಕಟ್ಟಡ ಮೊದಲು ಚರ್ಚ್ ಆಗಿತ್ತು. ಇದು ನೆನಪಿರಲಿ, ಎರಡನೇ ಸೈಡಿಗೆ ಬಂದಾಗ ಬೇಕಾಗುತ್ತದೆ.

ಮೊದಲ ಸೈಡಿನ ಮೂರನೇ ಹಾಡು ಚೀಪ್ ಡೇ ರಿಟರ್ನ್. ಒಂದೂವರೆ ನಿಮಿಷವೂ ಇಲ್ಲ. ಒಂದೇ ದಿನದಲ್ಲಿ ಹೋಗಿಬರುವವರಿಗೆ ಬ್ರಿಟಿಷ್ ರೈಲ್ವೆ ಕೊಡುತ್ತಿದ್ದ ಅಗ್ಗದ ಟಿಕೆಟಿನ ಹೆಸರು ಅದು. ಮಗ ಆಸ್ಪತ್ರೆಯಲ್ಲಿರುವ ಅಪ್ಪನನ್ನು ನೋಡಿಕೊಂಡು ಮರಳುತ್ತಿದ್ದಾನೆ. ಪ್ಲಾಟ್‌ಫಾರ್ಮಿನಲ್ಲಿ ನಿಂತು, ಅಪ್ಪನನ್ನು ನೋಡಿಕೊಳ್ಳುವ ನರ್ಸು ಸರಿಯಾಗಿ ನೋಡಿಕೊಳ್ಳುತ್ತಾಳೋ ಇಲ್ಲವೋ ಎಂದು ಚಿಂತಿಸುತ್ತಾನೆ. ಅವಳು ತನ್ನ ಆಟೋಗ್ರಾಫ್ ಕೇಳಿದ್ದು ನೆನಪಾಗಿ ಮನಸ್ಸು ಹುಳ್ಳಗಾಗುತ್ತದೆ. ಹಾಡು ಮುಗಿಯಿತು. ಗಿಟಾರಿನ ತಂತಿ ಎಳೆದು ಬಿಟ್ಟಷ್ಟು ಹೊತ್ತು, ಅಷ್ಟರಲ್ಲಿ ಒಂದು ಸಣ್ಣಕಥೆ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅಪ್ಪನ ಆಪರೇಶನ್ ಆಗಿ, ರಾತ್ರಿ ಬಸ್ಸಿಗೆ ಕಾಯುತ್ತ ನಿಂತಾಗ ನನಗೆ ನೆನಪಾದದ್ದು ಇದೇ ಆಲ್ಬಮ್ಮಿನ ಅಬ್ಬರದ ಲೋಕೋಮೋಟಿವ್ ಬ್ರೆತ್ ಅಲ್ಲ, ಈ ಹಾಡು.

ಇದೇ ಸೈಡಿನ ವಂಡರಿಂಗ್ ಅಲೌಡ್ ಎರಡು ನಿಮಿಷದೊಳಗೆ ಮುಗಿಯುವ ಬೆಳಗಿನ ಪ್ರೇಮದ ಹಾಡು. ಅಬ್ಬರದ ಬ್ಯಾಂಡು ಎಂದುಕೊಂಡು ಬಂದವರಿಗೆ ಜೆಥ್ರೊ ಟಲ್ಲಿನ ನಿಜವಾದ ಗುಟ್ಟು ಸಿಗುವುದು ಇಲ್ಲಿ. ಕರೆಂಟ್ ಗಿಟಾರ್ ಗುಡುಗುತ್ತಿರುವಾಗಲೇ ಥಟ್ಟನೆ ಮರದ ಗಿಟಾರ್ ಒಂದೇ ಉಳಿಯುತ್ತದೆ, ಹಾಡುವವನು ನಮ್ಮ ಪಕ್ಕದಲ್ಲಿ ಕುಳಿತ ಹಾಗೆ ಆಗುತ್ತದೆ. ಈ ಏರಿಳಿತ ಹಿಡಿಸಿದರೆ ಮುಂದಿನ ಎಲ್ಲ ಆಲ್ಬಮ್ಮುಗಳಿಗೂ ಬೀಗದಕೈ ಸಿಕ್ಕಿತು.

ಎರಡನೇ ಸೈಡಿಗೆ ಮೈ ಗಾಡ್ ಎಂದೇ ಹೆಸರು. ದೇವರ ಮೇಲಿನ ಸಿಟ್ಟಲ್ಲ ಅದು, ದೇವರನ್ನು ಗುತ್ತಿಗೆ ಹಿಡಿದವರ ಮೇಲಿನ ಸಿಟ್ಟು. ಹಳೇ ಚರ್ಚಿನ ಗೋಡೆಗಳ ನಡುವೆ ಚರ್ಚಿನ ಮೇಲೆ ಹರಿಹಾಯ್ದು ಹಾಡಿದ್ದು! ಅಮೆರಿಕದಲ್ಲಿ ಆಗ ಕೆಲವರಿಗೆ ಉರಿ ಹತ್ತಿತಾದರೂ ವಚನಗಳನ್ನು ಓದಿ ಬೆಳೆದ ನಮಗೆ ಗುಡಿಯನ್ನು ಒಂದು ಕಡೆ, ದೇವರನ್ನು ಇನ್ನೊಂದು ಕಡೆ ಇಟ್ಟು ನೋಡುವುದು ಹೊಸದಲ್ಲ. ಬ್ರೇಕಿಲ್ಲದ ರೈಲಿನ ಲೋಕೋಮೋಟಿವ್ ಬ್ರೆತ್ ಇರುವುದೂ ಈ ಸೈಡಿನಲ್ಲೇ. ಮೊದಲ ಒಂದು ನಿಮಿಷದ ಜಾನ್ ಇವಾನ್‌ನ ಪಿಯಾನೊವನ್ನು ದಯವಿಟ್ಟು ಮುಂದಕ್ಕೆ ಓಡಿಸಬೇಡಿ.

ಒಂದೇ ಹಾಡು, 43 ನಿಮಿಷ

ಆಕ್ವಾಲಂಗ್ ಒಂದೇ ವಿಷಯದ ಸುತ್ತ ಹೆಣೆದ "ಕಾನ್ಸೆಪ್ಟ್ ಆಲ್ಬಮ್" ಎಂದು ವಿಮರ್ಶಕರು ಬರೆದರು. ಅಲ್ಲ ಮಾರಾಯ್ರೆ ಎಂದು ಆ್ಯಂಡರ್ಸನ್ ಎಷ್ಟು ಹೇಳಿದರೂ ಕೇಳಲಿಲ್ಲ. ಸರಿ, ನಿಮಗೆ ಕಾನ್ಸೆಪ್ಟ್ ತಾನೇ ಬೇಕು, ತಗೊಳ್ಳಿ ಎಂದು 1972ರಲ್ಲಿ ಥಿಕ್ ಆ್ಯಸ್ ಎ ಬ್ರಿಕ್ ಮಾಡಿದ. ಎರಡೂ ಸೈಡಿಗೆ ಒಂದೇ ಹಾಡು. ಸಾಹಿತ್ಯ ಬರೆದವನು ಜೆರಾಲ್ಡ್ ಬಾಸ್ಟಕ್ ಎಂಬ ಎಂಟು ವರ್ಷದ ಬಾಲಪ್ರತಿಭೆ ಎಂದು ಮುದ್ರಿಸಿದ. ಅಂಥ ಹುಡುಗ ಎಲ್ಲೂ ಇರಲಿಲ್ಲ. ಗೇಲಿಗಾಗಿ ಹೊರಟದ್ದು ಕೊನೆಗೆ ಗೇಲಿ ಮಾಡಿಸಿಕೊಂಡ ಎಲ್ಲವನ್ನೂ ಮೀರಿಸಿತು, ಅಮೆರಿಕದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೂ ಹೋಯಿತು.

ಅದರ ಹೊದಿಕೆಯ ಬಗ್ಗೆ ಒಂದು ಪುಟ ಬರೆಯಬಹುದು. ರೆಕಾರ್ಡು ಬಂದದ್ದು ಹನ್ನೆರಡು ಪುಟದ ಒಂದು ಸುಳ್ಳು ಪತ್ರಿಕೆಯೊಳಗೆ. ಹೆಸರು ಸೇಂಟ್ ಕ್ಲೀವ್ ಕ್ರಾನಿಕಲ್. ತಾಲ್ಲೂಕು ಮಟ್ಟದ ಪತ್ರಿಕೆ ಹೇಗಿರುತ್ತದೋ ಹಾಗೇ: ಮುಖಪುಟದಲ್ಲಿ ಕವನ ಸ್ಪರ್ಧೆಯ ಬಹುಮಾನ ಕಳೆದುಕೊಂಡ ಜೆರಾಲ್ಡನ ಸುದ್ದಿ, ಒಳಗೆ ಊರಿನ ಸಣ್ಣಪುಟ್ಟ ಸಮಾಚಾರ, ವರ್ಗೀಕೃತ ಜಾಹೀರಾತು, ಪದಬಂಧ, ಚುಕ್ಕಿ ಸೇರಿಸಿ ಚಿತ್ರ ಬಿಡಿಸುವ ಆಟ. ಸಂಗೀತಕ್ಕಿಂತ ಈ ಪತ್ರಿಕೆ ಮಾಡಲು ಹೆಚ್ಚು ಸಮಯ ಹಿಡಿಯಿತು ಎಂದು ಅವರೇ ಹೇಳಿದ್ದಾರೆ. ಅಚ್ಚುಮೊಳೆಯ ಕಾಲದ ಜಿಲ್ಲಾ ಪತ್ರಿಕೆಗಳನ್ನು ಓದಿದ ಕನ್ನಡಿಗರು ಅದನ್ನು ನೋಡಿದರೆ ನಗದೇ ಇರಲಾರರು. ನಾನು ಅದನ್ನು ಮೊದಲು ಮುಟ್ಟಿದ್ದು ಹಾಡು ಬಾಯಿಪಾಠವಾದ ಎಷ್ಟೋ ವರ್ಷಗಳ ಮೇಲೆ, ಬೆಂಗಳೂರಿನಲ್ಲಿ ಪರಿಚಿತರೊಬ್ಬರ ಮನೆಯಲ್ಲಿ. ಕಾಗದ ಹಳದಿಯಾಗಿತ್ತು, ಪದಬಂಧದಲ್ಲಿ ಯಾರೋ ಪೆನ್ಸಿಲಿನಿಂದ ನಾಲ್ಕು ಉತ್ತರ ತುಂಬಿ ಕೈಬಿಟ್ಟಿದ್ದರು.

43 ನಿಮಿಷ ಎಂದು ಹೆದರಬೇಕಾದವರು ನಾವಲ್ಲ. ರಾಗ–ತಾನ–ಪಲ್ಲವಿಗೆ ಗಂಟೆಗಟ್ಟಲೆ ಕೂರುವ, ಬಡಾಖ್ಯಾಲ್ ಮುಗಿಯುವವರೆಗೆ ಚಹಾ ಮರೆಯುವ ಜನ ಧಾರವಾಡದಲ್ಲಿ ಇವತ್ತಿಗೂ ಇದ್ದಾರೆ. ಒಂದು ವ್ಯತ್ಯಾಸವಿದೆ. ನಮ್ಮಲ್ಲಿ ಒಂದೇ ರಾಗ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಇಲ್ಲಿ ಮೂರು ನಿಮಿಷಕ್ಕೊಮ್ಮೆ ಓಣಿ ತಿರುಗಿ ಇನ್ನೊಂದು ಬೀದಿಗೆ ಬರುತ್ತೀರಿ. ಹಾಗಾದರೆ ಒಂದೇ ಹಾಡು ಎನ್ನುವುದು ಹೇಗೆ? ಮೊದಲ ಒಂದು ನಿಮಿಷದಲ್ಲಿ ಮರದ ಗಿಟಾರಿನ ಮೇಲೆ ಬರುವ ಆ ಸಣ್ಣ ಪಲುಕನ್ನು ಕಿವಿಯಲ್ಲಿ ಕಟ್ಟಿಕೊಳ್ಳಿ. ಆಮೇಲೆ ಅದು ವೇಷ ಹಾಕಿಕೊಂಡು ಬರುತ್ತಲೇ ಇರುತ್ತದೆ, ಕೊನೆಗೆ ವೇಷ ಕಳಚಿ ಮೊದಲಿನ ರೂಪದಲ್ಲೇ ಬಂದು ಕುಳಿತುಕೊಳ್ಳುತ್ತದೆ. ಡ್ರಮ್ಸ್ ನುಡಿಸಿದ ಬ್ಯಾರಿಮೋರ್ ಬಾರ್ಲೊ ಆಗಷ್ಟೇ ಸೇರಿದವನು. ಅವನ ಕೈಯನ್ನೇ ಹಿಡಿದುಕೊಂಡು ಹೋದರೂ ದಾರಿ ತಪ್ಪುವುದಿಲ್ಲ. ಎರಡನೇ ಸೈಡು ಮೊದಲನೆಯದಕ್ಕಿಂತ ಒಡಕು, ನಡುವೆ ಕೆಲವು ನಿಮಿಷ ಸುಮ್ಮನೆ ಗದ್ದಲವಿದೆ. ಮೊದಲ ವಾರ ಮೊದಲ ಸೈಡಷ್ಟೇ ಸಾಕು.

ಹಾಸ್ಟೆಲ್ ಕಾಲದ ನನ್ನ ರಗಳೆಯನ್ನು ಬಗೆಹರಿಸಿದ್ದೂ ಇವೆರಡೇ ಆಲ್ಬಮ್ಮು. ಕೆಲಸಕ್ಕೆ ಸೇರಿದ ಹೊಸತರಲ್ಲಿ ರೂಮ್‌ಮೇಟ್ ಒಬ್ಬ 90 ನಿಮಿಷದ ಕ್ಯಾಸೆಟ್ಟಿನ ಎ ಸೈಡಿಗೆ ಆಕ್ವಾಲಂಗ್, ಬಿ ಸೈಡಿಗೆ ಬ್ರಿಕ್ ತುಂಬಿಸಿಕೊಟ್ಟ. ಎರಡೂ 43 ನಿಮಿಷದ ಆಸುಪಾಸು, ಕ್ಯಾಸೆಟ್ಟಿನ ಒಂದು ಮಗ್ಗುಲು 45. ಅಳೆದು ಹೊಲಿಸಿದ ಹಾಗೆ ಕೂತಿತ್ತು. ಕೊನೆಗೆ ಉಳಿದ ಒಂದೆರಡು ನಿಮಿಷದ ಸುಯ್ಯೆನ್ನುವ ಸದ್ದು ನನ್ನ ಮಟ್ಟಿಗೆ ಇವತ್ತಿಗೂ ಹಾಡಿನ ಭಾಗವೇ.

ಕಾಡು, ಕುದುರೆ

ಮೇಲಿನ ಎರಡೂ ಬೇಡ, ನನಗೆ ರಾಕ್ ಅಬ್ಬರವೇ ಆಗುವುದಿಲ್ಲ, ಜನಪದ ಗೀತೆ, ಭಾವಗೀತೆ ಕೇಳುವವನು ಎನ್ನುತ್ತೀರಾ? ಹಾಗಾದರೆ ಈ ದಾರಿಯಲ್ಲಿ ಬನ್ನಿ. ನಿಜ ಹೇಳಬೇಕೆಂದರೆ ನನಗೆ ಅತಿ ಪ್ರಿಯವಾದ ಜೆಥ್ರೊ ಟಲ್ ಇರುವುದು ಇಲ್ಲೇ.

1977ರ ಸಾಂಗ್ಸ್ ಫ್ರಮ್ ದ ವುಡ್. ಲಂಡನ್ನಿನಲ್ಲಿ ಪಂಕ್ ಹುಡುಗರು ಗಿಟಾರ್ ಒಡೆಯುತ್ತಿದ್ದ ವರ್ಷ, ಆ್ಯಂಡರ್ಸನ್ ಹಳ್ಳಿಗೆ ಹೋಗಿ ನೆಲೆಸಿ ಇಂಗ್ಲೆಂಡಿನ ಹಳೆಯ ಋತುಹಬ್ಬ, ವನದೇವತೆ, ಸುಗ್ಗಿಗಳ ಬಗ್ಗೆ ಹಾಡು ಕಟ್ಟಿದ. ಹಸಿರು ಚಿಗುರನ್ನು ಕಾಯುವ ಪುಟ್ಟ ದೇವತೆಯ ಮೇಲಿನ ಜ್ಯಾಕ್ ಇನ್ ದ ಗ್ರೀನ್ ಹಾಡಿನಲ್ಲಿ ಎಲ್ಲ ವಾದ್ಯಗಳನ್ನೂ ಅವನೊಬ್ಬನೇ ನುಡಿಸಿದ್ದಾನೆ. ಹಲವು ದನಿಗಳು ಕೂಡಿ, ವಾದ್ಯವಿಲ್ಲದೆ ಆಲ್ಬಮ್ ತೆರೆದುಕೊಳ್ಳುತ್ತದೆ. ಅದು ಮುಗಿಯುವುದು ಫೈರ್ ಅಟ್ ಮಿಡ್‌ನೈಟ್ ಎಂಬ ಎರಡೂವರೆ ನಿಮಿಷದ ಹಾಡಿನಿಂದ, ದಿನದ ಕೆಲಸ ಮುಗಿಸಿ ಮನೆಗೆ ಬಂದು ಒಲೆಯ ಮುಂದೆ ಕೂರುವುದು, ಅಷ್ಟೇ ವಿಷಯ. ಈ ಆಲ್ಬಮ್ಮಿಗೆ ಸೈಡಿನ ನಿಯಮವೂ ಬೇಡ, ಪೂರ್ತಿ ಕೇಳಿ.

ಮರುವರ್ಷ ಹೆವಿ ಹಾರ್ಸಸ್. ಶೀರ್ಷಿಕೆಯ ಹಾಡು ಸುಮಾರು ಒಂಬತ್ತು ನಿಮಿಷ. ಉಳುವ, ಎಳೆಯುವ ಭಾರಿ ತಳಿಯ ಕುದುರೆಗಳನ್ನು ಟ್ರ್ಯಾಕ್ಟರು ಹೊಲದಿಂದ ಹೊರಗಟ್ಟಿದ ಕಥೆ. ತಳಿಗಳ ಹೆಸರನ್ನು ಒಂದೊಂದಾಗಿ ಹೇಳುವಾಗ ದನದ ಜಾತ್ರೆಯಲ್ಲಿ ಎತ್ತುಗಳ ಕೊರಳು ಸವರುತ್ತ ನಡೆದ ಹಾಗಾಗುತ್ತದೆ. ಕೂರಿಗೆಯವನ ಹೆಸರಿಟ್ಟುಕೊಂಡ ಹತ್ತು ವರ್ಷಕ್ಕೆ ಬ್ಯಾಂಡು ಕೊನೆಗೂ ಹೊಲಕ್ಕೆ ಬಂತು. ಡ್ಯಾರಿಲ್ ವೇ ಎಂಬ ಅತಿಥಿ ಕಲಾವಿದ ನುಡಿಸಿದ ಪಿಟೀಲು ಅದಕ್ಕೆ ಓಟ ಕೊಟ್ಟಿದೆ. ಅದೇ ಆಲ್ಬಮ್ಮಿನ ಒನ್ ಬ್ರೌನ್ ಮೌಸ್ ಹಾಡಿನ ಹಿಂದೆ ರಾಬರ್ಟ್ ಬರ್ನ್ಸ್ ಇಲಿಯ ಮೇಲೆ ಬರೆದ ಪ್ರಸಿದ್ಧ ಕವಿತೆಯ ನೆರಳಿದೆ. ಬರ್ನ್ಸ್ ಕೂಡ ನೇಗಿಲು ಹಿಡಿದವನೇ.

ಈ ದಾರಿಯ ಮೂರನೆಯದು 1979ರ ಸ್ಟಾರ್ಮ್‌ವಾಚ್. ಬಿರುಸು ಕಡಿಮೆ, ಬೇಸರ ಜಾಸ್ತಿ. ಬೇಸ್ ವಾದಕ ಜಾನ್ ಗ್ಲ್ಯಾಸ್ಕಾಕ್ ಹೃದಯದ ಕಾಯಿಲೆಯಿಂದ ಆ ವರ್ಷವೇ ತೀರಿಕೊಂಡ. ಅದನ್ನು ಆಮೇಲೆ ಕೇಳಿದರಾಯಿತು.

ಉಳಿದವು

1969ರ ಸ್ಟ್ಯಾಂಡ್ ಅಪ್: ಬ್ಲೂಸ್ ಹಿನ್ನೆಲೆಯಿಂದ ಬಂದವರು ಇಲ್ಲಿಂದಲೂ ಶುರು ಮಾಡಬಹುದು. ಬಾಖ್‌ನ ಲ್ಯೂಟ್ ಕೃತಿಯನ್ನು ಜಾಜ್ ಮಾಡಿದ ಬೂರೇ ಇದರಲ್ಲಿದೆ. 1975ರ ಮಿನ್‌ಸ್ಟ್ರೆಲ್ ಇನ್ ದ ಗ್ಯಾಲರಿ ನನ್ನ ಮಟ್ಟಿಗೆ ಎಲ್ಲರೂ ಕಡೆಗಣಿಸಿದ ಒಳ್ಳೆಯ ಆಲ್ಬಮ್, ಕಹಿ ಮನಸ್ಸಿನಲ್ಲಿ ಬರೆದದ್ದು, ಮಳೆಗಾಲಕ್ಕೆ ಹೊಂದುತ್ತದೆ. ಎಂಬತ್ತರ ದಶಕದಲ್ಲಿ ಕಂಪ್ಯೂಟರ್ ತಾಳದ ಅಂಡರ್ ರ‍್ಯಾಪ್ಸ್ ಕೇಳಿ ಈ ಬ್ಯಾಂಡಿನ ಬಗ್ಗೆ ತೀರ್ಪು ಕೊಡಬೇಡಿ. 1987ರ ಕ್ರೆಸ್ಟ್ ಆಫ್ ಎ ನೇವ್ ಹೆಸರಾದದ್ದು ಬೇರೆ ಕಾರಣಕ್ಕೆ. ಗ್ರ್ಯಾಮಿಯವರು 1989ರಲ್ಲಿ ಹಾರ್ಡ್ ರಾಕ್ ಮತ್ತು ಮೆಟಲ್‌ಗೆ ಮೊಟ್ಟಮೊದಲ ಸಲ ಕೊಟ್ಟ ಪ್ರಶಸ್ತಿಯನ್ನು ಮೆಟಾಲಿಕಾಗೆ ಕೊಡದೆ ಕೊಳಲಿನವನಿಗೆ ಕೊಟ್ಟರು. ಮೆಟಾಲಿಕಾ ಅಭಿಮಾನಿಗಳು ಇನ್ನೂ ಕ್ಷಮಿಸಿಲ್ಲ. ಭಾರತದ ನಂಟು ಹುಡುಕುವವರಿಗೆ 1995ರ ರೂಟ್ಸ್ ಟು ಬ್ರಾಂಚಸ್ ಇದೆ, ಪೂರ್ವದೇಶಗಳ ಸ್ವರದ ಬಳುಕು ಅದರಲ್ಲಿ ಕೇಳುತ್ತದೆ. 2008ರ ಕೊನೆಗೆ ಅನೌಷ್ಕಾ ಶಂಕರ್ ಜೊತೆ ಇಲ್ಲಿ ಪ್ರವಾಸದಲ್ಲಿದ್ದಾಗಲೇ ಮುಂಬೈ ದಾಳಿ ನಡೆಯಿತು. ಅವರು ಮುಂಬೈ ಕಛೇರಿಯನ್ನು ಸಂತ್ರಸ್ತರ ನೆರವಿಗಾಗಿ ನಡೆಸಿಕೊಟ್ಟರು.

ಮತ್ತೆ ಆ ಪ್ಯಾಶನ್ ಪ್ಲೇ. 1973ರದ್ದು. ಸತ್ತ ಮನುಷ್ಯನೊಬ್ಬನ ಮುಂದಿನ ಪಯಣ. ವಿಮರ್ಶಕರು ಹಿಗ್ಗಾಮುಗ್ಗಾ ಝಾಡಿಸಿದರು, ಅಮೆರಿಕದ ಜನ ಕೊಂಡು ಒಂದನೇ ಸ್ಥಾನಕ್ಕೆ ಏರಿಸಿದರು. ಬ್ರಿಕ್‌ನಲ್ಲಿದ್ದ ನಗು ಇದರಲ್ಲಿಲ್ಲ, ಮೊಲದ ಕಥೆ ಒಂದು ಬಿಟ್ಟು. ನಾನು ಅದಕ್ಕೆ ಮರಳಿದ್ದು ನಲವತ್ತು ದಾಟಿದ ಮೇಲೆ. ಈಗ ವರ್ಷಕ್ಕೊಮ್ಮೆ ಕೇಳುತ್ತೇನೆ, ಆ ಸೀನಿಯರ್ ಹೇಳಿದ್ದರಲ್ಲಿ ಅರ್ಧ ಸತ್ಯವಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಯಾವ ಆವೃತ್ತಿ ಎಂಬ ಪ್ರಶ್ನೆಗೆ ಉತ್ತರ ಸುಲಭ. ಸ್ಟೀವನ್ ವಿಲ್ಸನ್ ಎಂಬ ಸಂಗೀತಗಾರ 2011ರಿಂದ ಈಚೆಗೆ ಹಳೇ ಟೇಪುಗಳನ್ನು ಮತ್ತೆ ಮಿಕ್ಸ್ ಮಾಡಿಕೊಟ್ಟಿದ್ದಾನೆ. ಆಕ್ವಾಲಂಗ್‌ನ ಮೂಲ ಧ್ವನಿ ಮಂಕಾಗಿತ್ತು, ಅವನ ಕೈಯಲ್ಲಿ ಕಿಟಕಿಯ ಧೂಳು ಒರೆಸಿದಂತಾಗಿದೆ. ಅವನ ಹೆಸರಿರುವುದನ್ನು ಆರಿಸಿ. ಇಂಥ ಆವೃತ್ತಿಗಳ ಬಾಲಕ್ಕೆ ಹತ್ತಿಪ್ಪತ್ತು ಬೋನಸ್ ಹಾಡು ಅಂಟಿಸಿರುತ್ತಾರೆ. ಆಕ್ವಾಲಂಗ್ ಮುಗಿಯುವುದು ವಿಂಡ್ ಅಪ್ ಹಾಡಿಗೆ. ಅಲ್ಲಿಗೆ ನಿಲ್ಲಿಸಿ.

ಇಷ್ಟನ್ನೂ ಹುಡುಗನಿಗೆ ಕಳಿಸಿದೆ. ಎರಡು ವಾರ ಸುದ್ದಿಯಿಲ್ಲ. ಹೋದ ಶನಿವಾರ ಊರಿನಿಂದ ಫೋನ್ ಮಾಡಿದ. ನಾನು ಹೇಳಿದ್ದನ್ನೆಲ್ಲ ಬಿಟ್ಟು ನೇರ ಹೆವಿ ಹಾರ್ಸಸ್‌ಗೆ ಹೋಗಿದ್ದಾನೆ. ಕಟ್ಟೆಯ ಮೇಲೆ ಕೂತಿದ್ದ ನಮ್ಮಪ್ಪನಿಗೂ ಹಾಡು ಹಾಕಿ, ಅರ್ಥ ಬಿಡಿಸಿ ಹೇಳಿದ್ದಾನೆ. ನಮ್ಮ ಮನೆಯ ಕೊನೆಯ ಜೋಡಿ ಎತ್ತು ಮಾರಿ ಹನ್ನೊಂದು ವರ್ಷವಾಯಿತು.

"ಅಜ್ಜ ಏನಂದ?"

"ಪೂರಾ ಕೇಳಿದ ಮಾಮಾ. ಆಮ್ಯಾಲೆ, 'ಎತ್ತಿಂದೂ ಒಂದು ಹಾಡೈತೇನು ಕೇಳು ಅವಗ' ಅಂದ."